ವೆನೆಜುವೆಲಾದ ಅಜ್ಜನಿಗೆ ಮೈಸೂರು ಪೇಟ

ನಮ್ಮ ಮನೆಯ ಬಟ್ಟೆ ಕಪಾಟಿನ ತೀರಾ ಮೇಲಿನ ಹಲಗೆಯಲ್ಲಿ ಆರು ಮೈಸೂರು ಪೇಟಗಳಿವೆ. ಇದನ್ನು ಓದಿ ನಾನು ಆರು ಸಲ ಸನ್ಮಾನ ಮಾಡಿಸಿಕೊಂಡ ದೊಡ್ಡ ಮನುಷ್ಯ ಎಂದು ನೀವು ತಿಳಿಯಬಾರದು. ನನ್ನ ತಲೆಗೆ ಇಂದಿನವರೆಗೆ ಯಾರೂ ಪೇಟ ಇಟ್ಟಿಲ್ಲ. ಇವು ಬೇರೆಯವರ ತಲೆಗೆ ಇಡಲೆಂದು ನಾನು ಮಂಗಳೂರಿನಿಂದ ತರಿಸಿದ್ದು, ಸಾಕಷ್ಟು ತಲೆಗಳು ಸಿಗದೆ ಉಳಿದುಹೋದವು. ಕುವೈತಿಗೆ ಪೇಟ ತರುವುದು ಸುಲಭದ ಕೆಲಸವಲ್ಲ. ಸೂಟ್‌ಕೇಸಿನಲ್ಲಿಟ್ಟರೆ ಚಪ್ಪಟೆಯಾಗುತ್ತದೆ. ಕೈಯಲ್ಲಿ ಹಿಡಿದರೆ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅದರೊಳಗೆ ಕೈ ಹಾಕಿ ನೋಡುತ್ತಾರೆ. ಒಮ್ಮೆ ಬೇಸತ್ತು ತಲೆಗೇ ಇಟ್ಟುಕೊಂಡು ಬಂದಿದ್ದೆ. ಪಾಸ್‌ಪೋರ್ಟ್ ನೋಡುವವನು ಫೋಟೋ ನೋಡಿದ, ನನ್ನನ್ನು ನೋಡಿದ, ಯಾವುದೋ ಸಂಸ್ಥಾನದವನಿರಬೇಕೆಂದು ಬೇಗ ಬೇಗ ಮುದ್ರೆ ಒತ್ತಿ ಕಳಿಸಿದ.

ಕಳೆದ ಶುಕ್ರವಾರ ಧೂಳು ಎದ್ದು ಹೊರಗೆ ಹೋಗುವ ಹಾಗಿರಲಿಲ್ಲ. ಅಂಥ ದಿನಗಳಲ್ಲಿ ನನ್ನ ಹೆಂಡತಿ ವಾರಿಜಳಿಗೆ ಮನೆ ಖಾಲಿ ಮಾಡುವ ಉಮೇದು ಬರುತ್ತದೆ. ಸ್ಟೂಲಿನ ಮೇಲೆ ಹತ್ತಿ, ಪೇಟಗಳ ಗೋಪುರವನ್ನು ಎದೆಗೆ ಅವುಚಿಕೊಂಡು ಇಳಿದಳು.

"ಇದನ್ನು ಎಂತ ಮಾಡುದು ಮಾರಾಯ್ರೆ? ಆರು ಉಂಟು."

"ಏಳಿತ್ತಲ್ಲ?" ಎಂದೆ.

"ಒಂದನ್ನು ಆ ಹಾರ್ಪಿನ ಅಜ್ಜ ತಕ್ಕೊಂಡು ಹೋದ್ರಲ್ಲ, ಮರ್ತಿರಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರು ಮಾಡಿದೆವು. ಕಪಾಟಿನ ಕೆಲಸ ಅಲ್ಲಿಗೇ ನಿಂತಿತು. ಚಹಾ ಮಾಡಿಕೊಂಡು ಕೂತು ಆ ಹಳೆಯ ಕತೆಯನ್ನು ಮತ್ತೊಮ್ಮೆ ಹೇಳಿಕೊಂಡೆವು. ಈಗ ನಿಮಗೂ ಹೇಳುತ್ತೇನೆ. ಹೇಳುವ ಮೊದಲು ನನಗಿರುವ ಒಂದು ಕಾಯಿಲೆಯ ವಿಷಯ ತಿಳಿಸಬೇಕು.

ನನಗೆ ಕಾರ್ಯಕ್ರಮ ಪಟ್ಟಿಯ ಕಾಯಿಲೆ. ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಒಂದು ಕಚೇರಿಯಲ್ಲಿ ಇಷ್ಟು ವರ್ಷ ಕಾಗದಪತ್ರ ನೋಡಿಕೊಂಡವನು ನಾನು. ಶುಕ್ರವಾರಗಳಲ್ಲಿ ನಮ್ಮ ಕರಾವಳಿಯವರ ಒಂದು ಸಣ್ಣ ಸಂಘಕ್ಕೆ ಕಾರ್ಯದರ್ಶಿ. ನಾಲ್ಕು ಜನ ಒಂದು ಕಡೆ ಸೇರಿದರೆ ನನ್ನ ಕೈ ಜೇಬಿನ ಪೆನ್ನು ಹುಡುಕುತ್ತದೆ. ಸ್ವಾಗತ ಗೀತೆ, ಸ್ವಾಗತ ಭಾಷಣ, ದೀಪ ಬೆಳಗುವುದು, ಪ್ರಾಸ್ತಾವಿಕ ಮಾತು, ಮುಖ್ಯ ಅತಿಥಿಗಳ ಮಾತು, ಹಿರಿಯರಿಗೆ ಸನ್ಮಾನ, ಸನ್ಮಾನಿತರ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ಇದೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಮನರಂಜನೆ. ನಮ್ಮ ಮಗಳು ದೀಕ್ಷಾಳ ಐದನೆಯ ಹುಟ್ಟುಹಬ್ಬಕ್ಕೂ ನಾನು ಪಟ್ಟಿ ಬರೆದಿದ್ದೆ. ಕೇಕು ಒಂಬತ್ತನೆಯ ಅಂಶವಾಗಿತ್ತು. ಮಕ್ಕಳು ಮೂರನೆಯ ಅಂಶದ ಹೊತ್ತಿಗೇ ಕೇಕಿನೊಳಗೆ ಕೈ ಹಾಕಿದ್ದವು.

ಇದು ಅಪ್ಪನಿಂದ ಬಂದದ್ದು. ಅಪ್ಪ ಪಡುಬಿದ್ರಿಯ ಹತ್ತಿರ ಒಂದು ಶಾಲೆಯಲ್ಲಿ ಮೇಷ್ಟ್ರು. ಪಾಠದಲ್ಲಿ ಅವರು ಹೇಗಿದ್ದರೋ, ನಾನು ಅವರ ಮಗನಾದ್ದರಿಂದ ಹೇಳಲಾರೆ. ವಂದನಾರ್ಪಣೆಯಲ್ಲಿ ಮಾತ್ರ ಅವರನ್ನು ಮೀರಿಸಿದವರಿರಲಿಲ್ಲ. ಮೇಜಿನ ಬಟ್ಟೆ ಕೊಟ್ಟವರಿಗೆ, ಮೇಜು ಕೊಟ್ಟವರಿಗೆ, ಮೇಜನ್ನು ಹೊತ್ತು ತಂದವರಿಗೆ, ಸೋಡಾ ಬಾಟ್ಲಿ ಒಡೆದವರಿಗೆ, ಸಂಜೆಯವರೆಗೂ ಜೋರಾಗಿ ಬೀಸದಿದ್ದ ಕಡಲಗಾಳಿಗೆ, ಎಲ್ಲರಿಗೂ ಹೆಸರು ಹಿಡಿದು ಕೃತಜ್ಞತೆ ಹೇಳುತ್ತಿದ್ದರು. ಒಂದು ವಾರ್ಷಿಕೋತ್ಸವದಲ್ಲಿ ನಾನು ಮೊಲ. ರಟ್ಟಿನ ಕಿವಿ ಕಟ್ಟಿಕೊಂಡು, ಕೆನ್ನೆಗೆ ರೋಸ್ ಪೌಡರ್ ಬಳಿಸಿಕೊಂಡು, ಪರದೆಯ ಹಿಂದೆ ನೃತ್ಯಕ್ಕೆ ಕಾದು ಕೂತಿದ್ದೆ. ಭಾಷಣಗಳ ನಡುವೆ ನಿದ್ದೆ ಬಂತು. ಎಚ್ಚರವಾದಾಗ ಎದುರಿನ ಬೆಂಚುಗಳು ಅರ್ಧ ಖಾಲಿ. ಉಳಿದ ಮೊಲಗಳನ್ನು ಅವುಗಳ ತಾಯಂದಿರು ಎತ್ತಿಕೊಂಡು ಮನೆಗೆ ಹೋಗಿದ್ದರು. ಅಪ್ಪ ಇನ್ನೂ ವಂದಿಸುತ್ತಲೇ ಇದ್ದರು. ಆ ದಿನ ನಾನು ಕುಣಿಯಲೇ ಇಲ್ಲ. ಇದರಿಂದ ನಾನು ಕಲಿಯಬೇಕಾದ ಪಾಠ ಒಂದಿತ್ತು. ಕಲಿತದ್ದು ಇನ್ನೊಂದು, ಅಪ್ಪನ ಪಟ್ಟಿ.

ಈಗ ಮರಿಸೋಲಳ ವಿಷಯಕ್ಕೆ ಬರುತ್ತೇನೆ. ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ನಾವು ಮೂರನೆಯ ಮಹಡಿ, ಅವಳು ನಾಲ್ಕನೆಯದು. ವೆನೆಜುವೆಲಾದವಳು. ಗಂಡ ತೈಲದ ಕೆಲಸದಲ್ಲಿದ್ದ. ಹದಿನೈದು ದಿನ ಮರುಭೂಮಿಯಲ್ಲಿ, ಹದಿನೈದು ದಿನ ಮನೆಯಲ್ಲಿ. ಆಗೆಲ್ಲ ನಮ್ಮ ಕಡಲ ದಂಡೆಯ ಕಟ್ಟಡಗಳಲ್ಲಿ ವೆನೆಜುವೆಲಾ, ಕೊಲಂಬಿಯಾ, ಮೆಕ್ಸಿಕೊ, ಪೆರು ಎಂದು ಇಪ್ಪತ್ತು ಮೂವತ್ತು ಮನೆಗಳಿದ್ದವು. ಎಲ್ಲರೂ ಒಂದೇ ಭಾಷೆ ಮಾತಾಡಿ, ಒಬ್ಬರ ಅಡುಗೆಯನ್ನು ಒಬ್ಬರು ಮನಸಾರೆ ದೂರುತ್ತಿದ್ದರು. ನಮ್ಮ ಮಂಗಳೂರು ಉಡುಪಿಯವರ ಹಾಗೆ. ವಾರಿಜಳಿಗೂ ಮರಿಸೋಲಳಿಗೂ ಇದ್ದ ಇಂಗ್ಲಿಷನ್ನು ಕೂಡಿಸಿದರೆ ಒಬ್ಬರಿಗೆ ಸಾಲುತ್ತಿರಲಿಲ್ಲ. ಆದರೂ ದಿನಕ್ಕೆರಡು ಗಂಟೆ ಮಾತಾಡುತ್ತಿದ್ದರು. ಅವಳು ಜೋಳದ ಹಿಟ್ಟಿನ ದಪ್ಪ ರೊಟ್ಟಿ ಕಳಿಸುವಳು, ಇವಳು ಅಕ್ಕಿಯ ಕಡುಬು ಪುಂಡಿ ಕಳಿಸುವಳು. ದೀಕ್ಷಾ ಶನಿವಾರ ಅವಳ ಮನೆಯಲ್ಲಿ ಅವರ ಊರಿನ ಕುಣಿತ ಕಲಿಯುತ್ತಿದ್ದಳು.

ಆ ವರ್ಷ ಮರಿಸೋಲಳ ಅಪ್ಪ ಮೂರು ತಿಂಗಳ ಭೇಟಿಗೆ ಬಂದರು. ಅನ್ಸೆಲ್ಮೊ ಎಂದು ಹೆಸರು, ಅವರವರು ಮರ್ಯಾದೆಗೆ ಡಾನ್ ಅನ್ಸೆಲ್ಮೊ ಎನ್ನುವರು. ಎತ್ತರದ, ತೆಳ್ಳಗಿನ, ಮಾತೇ ಆಡದ ಮುದುಕ. ಲಿಫ್ಟಿನಲ್ಲಿ ಸಿಕ್ಕರೆ ಟೋಪಿ ಎತ್ತುವರು, ಅಷ್ಟೆ. ಅವರ ಬೆರಳುಗಳನ್ನು ಮೊದಲು ಗಮನಿಸಿದವಳು ವಾರಿಜ.

"ಆ ಅಜ್ಜನ ಕೈ ನೋಡಿದ್ರಾ? ಲಿಫ್ಟಿನ ಕಂಬಿಯ ಮೇಲೆ ಎಂತದೋ ನುಡಿಸ್ತಾ ಇರ್ತಾರೆ. ಹತ್ತೂ ಬೆರಳು."

ಮರಿಸೋಲಳೇ ಕಾರಣ ಹೇಳಿದಳು. ಆಕೆಯ ಅಪ್ಪ ಅವರ ಬಯಲುಸೀಮೆಯಲ್ಲಿ ಹಾರ್ಪ್ ನುಡಿಸುವವರು. ಆಳೆತ್ತರದ, ಮೂವತ್ತಕ್ಕೂ ಮೇಲೆ ತಂತಿಗಳ ವಾದ್ಯ. ಮದುವೆ, ಹುಟ್ಟುಹಬ್ಬ, ದನದ ಸಂತೆ, ಎಲ್ಲಿಯೂ ಅವರಿಲ್ಲದೆ ಆಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ವಾರ ಹಾರ್ಪನ್ನು ಯಾರಿಗೋ ಕೊಟ್ಟುಬಿಟ್ಟರು. ನಾಲ್ಕು ವರ್ಷದಿಂದ ಒಂದು ತಂತಿ ಮುಟ್ಟಿಲ್ಲ.

"ಇಲ್ಲಿ ಹಾರ್ಪ್ ಇದ್ದರೆ ನುಡಿಸುತ್ತೀರಾ ಎಂದು ಕೇಳಿದೆ" ಎಂದಳು ಮರಿಸೋಲ್. "ಇದ್ದರೆ ನೋಡುವ ಎಂದರು. ಇಲ್ಲ ಎನ್ನಲಿಲ್ಲ. ಅವರು ವಾಪಸು ಹೋಗುವ ಮುಂಚೆ ಒಂದು ಸಲ ಕೇಳಬೇಕು ನನಗೆ. ಊರಿಗೆ ಹೋದರೆ ಮತ್ತೆ ಅದೇ ಮನೆ, ಅದೇ ಖಾಲಿ ಮೂಲೆ. ಅಲ್ಲಿ ನುಡಿಸುವುದಿಲ್ಲ."

ಹಾರ್ಪ್ ಎಲ್ಲಿದೆ ಎಂದು ಪತ್ತೆ ಮಾಡಿದವಳೂ ಅವಳೇ. ಸರ್ಕಾರದ ಕಲೆಗಳ ಇಲಾಖೆಯವರು ಬಡಾವಣೆಗಳಲ್ಲಿ ನಡೆಯುವ ಸಾಂಸ್ಕೃತಿಕ ಹಬ್ಬಗಳಿಗೆ ನೆರವು ಕೊಡುತ್ತಿದ್ದರು. ಯಾವ ದೇಶದವರೂ ಕೇಳಬಹುದು. ಸಭಾಂಗಣ, ಕುರ್ಚಿ, ಮೈಕು, ದೀಪ, ತಿಂಡಿಯ ವ್ಯವಸ್ಥೆ ಅವರದು. ಬೇಕಾದ ವಾದ್ಯಗಳನ್ನೂ ಸರ್ಕಾರಿ ಸಂಗೀತ ಶಾಲೆಯ ಉಗ್ರಾಣದಿಂದ ತರಿಸಿಕೊಡುವರು. ಆ ಉಗ್ರಾಣದಲ್ಲಿ ಒಂದು ಹಾರ್ಪ್ ಇತ್ತು. ಆದ್ದರಿಂದ ಮರಿಸೋಲ್ ಅಬು ಹಲೀಫಾದಲ್ಲಿ ಲ್ಯಾಟಿನ್ ಅಮೆರಿಕದವರ ಹಬ್ಬ ಮಾಡುವುದೆಂದು ನಿಶ್ಚಯಿಸಿದಳು. ಅಪ್ಪನಿಗೆ ಒಂದು ಹಾರ್ಪ್ ಕೊಡಿಸಲು ಹಬ್ಬವನ್ನೇ ಹುಟ್ಟಿಸಿದ ಹೆಣ್ಣು ಅವಳು. ಹದಿನಾಲ್ಕು ಪುಟದ ಅರ್ಜಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಅರ್ಜಿ ಬರೆಯುವುದರಲ್ಲಿ ನಿಪುಣ ಎಂದು ವಾರಿಜ ಆಗಲೇ ಹೇಳಿಯಾಗಿತ್ತು.

ಅರ್ಜಿಯನ್ನು ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಉದ್ದೇಶ, ಭಾಗವಹಿಸುವವರು, ಬೇಕಾದ ಸಾಮಗ್ರಿ, ಎಲ್ಲ ಭರ್ತಿ ಮಾಡಿದೆ. ಸಾಮಗ್ರಿಯ ಸಾಲಿನಲ್ಲಿ 'ಹಾರ್ಪ್, ಒಂದು' ಎಂದು ದಪ್ಪಕ್ಷರದಲ್ಲಿ ಬರೆದೆ. ಹನ್ನೊಂದನೆಯ ಪುಟದಲ್ಲಿ 'ಸಮಯ ಸಹಿತ ಕಾರ್ಯಕ್ರಮದ ವಿವರ' ಎಂದಿತ್ತು. ಮರಿಸೋಲ್ ಕೊಟ್ಟಿದ್ದ ಚೀಟಿ ನೋಡಿದೆ. 'ಸಂಗೀತ, ಕುಣಿತ, ಊಟ, ಸಂಗೀತ, ಕುಣಿತ' ಎಂದಷ್ಟೇ ಇತ್ತು. ಇದನ್ನು ಸರ್ಕಾರಕ್ಕೆ ಕೊಡುವುದುಂಟೇ! ಪಾಪ, ತಿಳಿಯದ ಜನ ಎಂದುಕೊಂಡು ನಮ್ಮ ಸಂಘದ ಹಿಂದಿನ ವರ್ಷದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದು, ಕರಾವಳಿ ಇದ್ದಲ್ಲೆಲ್ಲ ಲ್ಯಾಟಿನ್ ಅಮೆರಿಕ ಎಂದು ಹಾಕಿದೆ. ಉಳಿದದ್ದು ಇದ್ದ ಹಾಗೆಯೇ ಇತ್ತು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಸಹಿತ. ಕೊನೆಯ ಮುಕ್ಕಾಲು ಗಂಟೆಯ ಮನರಂಜನೆಯಲ್ಲಿ ಅವಳು ಹೇಳಿದ ಒಂಬತ್ತು ನೃತ್ಯ ತಂಡಗಳನ್ನು ಒಂದೊಂದಕ್ಕೆ ಐದು ನಿಮಿಷದಂತೆ ಕೂರಿಸಿದೆ. ಕೆಲಸ ಅಂದವಾಗಿ ಮುಗಿಯಿತು.

ಇಂಗ್ಲಿಷಿನ ಅರ್ಜಿಯನ್ನು ಅರಬ್ಬಿಗೆ ಮಾಡಿಸಲು ಮಿರ್ಕಾಬಿನ ಉಮರಬ್ಬನ ಹತ್ತಿರ ಹೋದೆ. ಉಮರಬ್ಬ ಬಂಟ್ವಾಳದ ಕಡೆಯ ಬ್ಯಾರಿ, ನನ್ನ ಹಳೆಯ ಸ್ನೇಹಿತ. ನಮ್ಮ ಕಚೇರಿಯ ಕೆಳಗೆ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ. ವಾಸದ ಪರವಾನಗಿ ಇಕಾಮಾದ ನವೀಕರಣದಿಂದ ಹಿಡಿದು ಕೆಲಸ ಕೊಟ್ಟ ಕಫೀಲನಿಗೆ ಬರೆಯುವ ಕ್ಷಮಾಪಣೆಯವರೆಗೆ ಅರ್ಧ ಮಿರ್ಕಾಬಿನ ಅರಬ್ಬಿ ಅವನ ಬೆರಳಿನಿಂದಲೇ ಬರುತ್ತಿತ್ತು. ಹನ್ನೊಂದನೆಯ ಪುಟ ಓದಿ ಕನ್ನಡಕ ಮೇಲೇರಿಸಿದ.

"ಅಲ್ಲ ಮಾರಾಯ, ಈ ಸ್ಪ್ಯಾನಿಶಿನವರಲ್ಲಿಯೂ ಶಾಲು ಹೊದಿಸುವ ಕ್ರಮ ಉಂಟಾ?"

"ಹಿರಿಯರಿಗೆ ಗೌರವ ಎಲ್ಲಿ ಇಲ್ಲ ಹೇಳು" ಎಂದೆ.

"ಅದು ಹೌದು. ಯಲ್ಲಾ, ಹೊಡಿಯುವ" ಎಂದು ಹೊಡೆದ. ಪೇಟಕ್ಕೆ ಅರಬ್ಬಿಯಲ್ಲಿ ಮೂರು ಸಾಲಿನ ವರ್ಣನೆಯನ್ನೂ ಸೇರಿಸಿದ. ದೀಪ ಬೆಳಗುವುದು ಬೇಡ, ಸಭಾಂಗಣದಲ್ಲಿ ಬೆಂಕಿ ಬಿಡುವುದಿಲ್ಲ ಎಂದು ಅವನೇ ತೆಗೆಸಿದ್ದು. ಅದೊಂದು ಉಪಕಾರ.

ಮೂರು ವಾರದಲ್ಲಿ ಒಪ್ಪಿಗೆ ಬಂತು. ಮರಿಸೋಲ್ ಮೆಟ್ಟಿಲಿಳಿದು ಓಡಿ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ವಾರಿಜಳ ಎದುರಿಗೇ. ನಾನು ದೀಕ್ಷಾಳ ಕಡೆ ನೋಡಿದೆ. ಅವಳು, "ಇಟ್ಸ್ ನಾರ್ಮಲ್ ಪಪ್ಪಾ, ರಿಲ್ಯಾಕ್ಸ್" ಎಂದಳು. ಹಬ್ಬದ ಶುಕ್ರವಾರಕ್ಕೂ ಅಜ್ಜನ ವಿಮಾನಕ್ಕೂ ಎರಡೇ ದಿನದ ಅಂತರ. ಅಷ್ಟು ಸರಿಯಾಗಿ ಕೂಡಿ ಬಂದದ್ದು ನನ್ನ ಅರ್ಜಿಯ ಬಲದಿಂದಲೇ ಎಂದು ನಾನು ಆ ವಾರವಿಡೀ ಸ್ವಲ್ಪ ಗತ್ತಿನಲ್ಲೇ ಇದ್ದೆ.

ಗತ್ತು ಇಳಿದದ್ದು ಹಬ್ಬಕ್ಕೆ ಮೂರು ದಿನ ಇರುವಾಗ. ಇಲಾಖೆಯ ಅಧಿಕಾರಿ ಸಭಾಂಗಣ ನೋಡಲು ಬಂದರು; ನಾನೂ ಮರಿಸೋಲಳೂ ಅಲ್ಲಿಗೆ ಹೋಗಿದ್ದೆವು. ಎಲ್ಲರೂ ಅವರನ್ನು ಬೂ ಸಾಲೆಂ ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ದಿಶ್‌ದಾಶಾ, ಜೇಬಿನಲ್ಲಿ ಹಸಿರು ಪೆನ್ನು, ಬಹಳ ಸೌಮ್ಯ ಸ್ವಭಾವದ ಮನುಷ್ಯ. ಅವರ ಅಜ್ಜ ದೋಣಿಯಲ್ಲಿ ಮುಂಬಯಿಗೆ ಹೋಗಿಬರುತ್ತಿದ್ದವರಂತೆ. ಆ ನೆಂಟಸ್ತಿಕೆಯಿಂದ ನಮ್ಮ ದೇಶದವರನ್ನು ಕಂಡರೆ ಹಿಂದಿಯಲ್ಲೇ ಮಾತಾಡುವರು. ಒಪ್ಪಿಗೆಯ ಪತ್ರ ತೆಗೆದು ಹಸಿರು ಪೆನ್ನಿನಿಂದ ಒಂದೊಂದೇ ಸಾಲು ಮುಟ್ಟುತ್ತಾ ಬಂದರು.

"ಸ್ವಾಗತ್ ಗಾನಾ, ಕೌನ್? ಸ್ವಾಗತ್ ಭಾಷಣ್, ಕೌನ್? ಶಾಲ್ ಕಿಧರ್? ಪಗಡೀ ಕಿಧರ್?"

ಪತ್ರದ ಕೆಳಗಿನ ನಿಯಮವನ್ನೂ ಓದಿ ಹೇಳಿದರು. ಒಪ್ಪಿಗೆಯಾದ ಪಟ್ಟಿಯಂತೆಯೇ ಕಾರ್ಯಕ್ರಮ ನಡೆಯಬೇಕು. ಪಟ್ಟಿಯಲ್ಲಿಲ್ಲದವರು ವೇದಿಕೆಯಲ್ಲಿ ಕಾರ್ಯಕ್ರಮ ಕೊಡುವಂತಿಲ್ಲ. ನಾಲ್ಕಕ್ಕೆ ಶುರು, ಏಳಕ್ಕೆ ಬಾಗಿಲು. ಬದಲಾವಣೆ ಬೇಕಾದರೆ ಸಮಿತಿಯ ಮುಂದೆ ಹೋಗಬೇಕು, ಸಮಿತಿ ಕೂರುವುದು ತಿಂಗಳಿಗೊಮ್ಮೆ.

ಮರಿಸೋಲ್ ಮೆಲ್ಲಗೆ ಕೇಳಿದಳು. "ಇದರಲ್ಲಿ ನನ್ನ ಅಪ್ಪ ಎಲ್ಲಿ?"

ನಾನು ಪಟ್ಟಿ ನೋಡಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಅಜ್ಜ ಎಲ್ಲಿಯೂ ಇರಲಿಲ್ಲ. ಸಾಮಗ್ರಿಯಲ್ಲಿ ಹಾರ್ಪ್ ಇತ್ತು, ಅದನ್ನು ನುಡಿಸುವವನಿರಲಿಲ್ಲ. ಹೇಗಾಯಿತೆಂದು ನನಗೆ ಮಾತ್ರ ಗೊತ್ತು. ನಮ್ಮಲ್ಲಿ ಪಟ್ಟಿಯಲ್ಲಿ ಬರುವುದು ಭಾಷಣ ಮಾಡುವವರ ಹೆಸರು, ಕುಣಿಯುವ ತಂಡಗಳ ಹೆಸರು. ಹಾರ್ಮೋನಿಯಂ, ತಬಲ, ಚೆಂಡೆ ಇವರ ಹೆಸರೆಲ್ಲ ಬರುವುದು ವಂದನಾರ್ಪಣೆಯಲ್ಲಿ, ಕುರ್ಚಿ ಪೂರೈಸಿದವರ ನಂತರ. ಅಜ್ಜನಿಗೂ ನಾನು ವಂದನಾರ್ಪಣೆಯಲ್ಲಿ ಒಂದು ಸಾಲು ಬರೆದಿಟ್ಟಿದ್ದೆ. ಅದೇ ದೊಡ್ಡ ಮರ್ಯಾದೆ ಎಂದು ತಿಳಿದಿದ್ದೆ. ಅಪ್ಪನ ಕಾಲದಿಂದಲೂ ನಾವು ಇದನ್ನು ಹೀಗೇ ಮಾಡಿಕೊಂಡು ಬಂದವರು, ಯಾರಿಗೂ ತಪ್ಪೆನಿಸಿರಲಿಲ್ಲ.

ಬೂ ಸಾಲೆಂ ಮುಖ ಸಪ್ಪೆ ಮಾಡಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದರು. "ಹಾರ್ಪ್ ಆಯೇಗಾ" ಎಂದರು. "ಸ್ಟೇಜ್ ಪೇ ರಖೋ. ದೇಖ್ನೇ ಕೋ ಅಚ್ಛಾ ಹೈ."

ಮರಿಸೋಲ್ ಬೈದಿದ್ದರೆ ಸುಲಭವಿತ್ತು. ಅವಳು ಬೈಯಲಿಲ್ಲ. "ಪರವಾಗಿಲ್ಲ, ನೀವು ಇಷ್ಟು ಕಷ್ಟಪಟ್ಟಿರಿ" ಎಂದು ನನ್ನ ತೋಳು ತಟ್ಟಿದಳು. ಕಾರಿನಲ್ಲಿ ಮನೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ. ವಾರಿಜಳ ಎದುರು ಕೂತು ಇಡೀ ಪಟ್ಟಿಯನ್ನು ಓದಿ ಹೇಳಿದೆ. ಅವಳು ಮೀನು ಕೊಯ್ಯುತ್ತಾ ಕೇಳುತ್ತಿದ್ದಳು.

"ಇದರಲ್ಲಿ ಸನ್ಮಾನ ಯಾರಿಗೆ?"

"ಹಿರಿಯ ಕಲಾವಿದರಿಗೆ ಅಂತ ಉಂಟು. ಹೆಸರು ಹಾಕಿಲ್ಲ. ನಮ್ಮ ಹಳೇ ಪಟ್ಟಿಯಲ್ಲಿಯೂ ಹಾಗೇ ಬಿಟ್ಟಿದ್ದೆ, ಯಾರು ಸಿಗ್ತಾರೋ ಅಂತ."

"ಮತ್ತೆಂತ? ಆ ಅಜ್ಜನಿಗೇ ಮಾಡಿ. ಸ್ಟೇಜಿಗಾದ್ರೂ ಹತ್ತಿದ ಹಾಗಾಯ್ತು."

ಬೂ ಸಾಲೆಂಗೆ ಫೋನು ಮಾಡಿದೆ. ಸನ್ಮಾನವೆಂದರೆ ಕಾರ್ಯಕ್ರಮ ಕೊಟ್ಟ ಹಾಗಲ್ಲ, ಹೆಸರು ತುಂಬಬಹುದು ಎಂದರು. ಮರಿಸೋಲಳಿಗೆ ಹೇಳಿದಾಗ ನಕ್ಕಳು. ಬಲವಂತದ ನಗು. ಅವಳಿಗೆ ಬೇಕಾಗಿದ್ದದ್ದು ಶಾಲು ಹೊದ್ದ ಅಪ್ಪ ಅಲ್ಲವೆಂದು ನನಗೂ ಗೊತ್ತಿತ್ತು.

ಶುಕ್ರವಾರ ಬಂತು. ಲ್ಯಾಟಿನ್ ಅಮೆರಿಕದ ಇತಿಹಾಸದಲ್ಲಿ ಅಂಥ ಹಬ್ಬ ಹಿಂದೆ ನಡೆದಿರಲಿಕ್ಕಿಲ್ಲ, ಮುಂದೆಯೂ ನಡೆಯಲಾರದು. ಗಿರಿಗಿರಿ ತಿರುಗುವ ಲಂಗ ತೊಟ್ಟ ಹೆಂಗಸರು, ಅಗಲ ಟೋಪಿಯ ಗಂಡಸರು, ಡ್ರಮ್ಮು ಗಿಟಾರು ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕುರ್ಚಿಯಲ್ಲಿ ಕೂತು ಭಾಷಣ ಕೇಳುತ್ತಿದ್ದರು. ರುಮೈಥಿಯಾದಲ್ಲಿ ಅಂಗಡಿ ಇದ್ದ ಪೆರುವಿನ ಒಬ್ಬರು ಸ್ವಾಗತಿಸಿದರು. ಮೆಕ್ಸಿಕೊದ ಒಬ್ಬ ದಂತವೈದ್ಯರು ಮುಖ್ಯ ಅತಿಥಿ. ಪಟ್ಟಿಯಲ್ಲಿ ಇಪ್ಪತ್ತು ನಿಮಿಷ ಎಂದಿದ್ದುದರಿಂದ, ಹೇಳಲು ಏನೂ ತೋಚದೆ, ಹಲ್ಲುಜ್ಜುವ ಸರಿಯಾದ ಕ್ರಮವನ್ನು ವಿವರಿಸಿದರು. ಈ ಸಭೆಯನ್ನು ನಡೆಸಲು ಬರುವವರು ಅಲ್ಲಿ ಇನ್ಯಾರೂ ಇಲ್ಲದ್ದರಿಂದ ನಿರೂಪಣೆ ನನ್ನದೇ. ದೀಕ್ಷಾ ಮೊದಲ ಸಾಲಿನಲ್ಲಿ ಲಂಗ ಹರಡಿಕೊಂಡು ಕೂತು ಹಣೆಯ ಮೇಲೆ ಕೈ ಇಟ್ಟುಕೊಂಡಿದ್ದಳು. "ಪಪ್ಪಾ, ಪ್ಲೀಸ್" ಎಂದು ತುಟಿ ಅಲ್ಲಾಡಿದ್ದು ವೇದಿಕೆಗೂ ಕಾಣುತ್ತಿತ್ತು. ಬೂ ಸಾಲೆಂ ಪಕ್ಕದ ಸಣ್ಣ ಮೇಜಿನಲ್ಲಿ ಕೂತು ಒಂದೊಂದು ಅಂಶ ಮುಗಿದಾಗಲೂ ಹಸಿರು ಗುರುತು ಹಾಕುತ್ತಿದ್ದರು. ಅವರೊಬ್ಬರಿಗೆ ಕಾರ್ಯಕ್ರಮ ಚೆನ್ನಾಗಿ ಹಿಡಿಸಿದ ಹಾಗಿತ್ತು.

ವೇದಿಕೆಯ ಬಲಮೂಲೆಯಲ್ಲಿ ಹಾರ್ಪ್ ನಿಂತಿತ್ತು. ಸರ್ಕಾರಿ ಲಾರಿಯಲ್ಲಿ, ಕಂಬಳಿ ಸುತ್ತಿಕೊಂಡು, ಎರಡು ಗಂಟೆಗೇ ಬಂದಿತ್ತು. ಚಿನ್ನದ ಬಣ್ಣ, ಬುಡದಲ್ಲಿ ಪೆಡಲುಗಳು, ಅರಮನೆಯಲ್ಲಿಡುವಂಥದ್ದು. ಅಜ್ಜ ಊರಿನಲ್ಲಿ ನುಡಿಸುತ್ತಿದ್ದದ್ದು ಬರೀ ಮರದ್ದಂತೆ. ಬಂದವರೇ ಅದರ ಸುತ್ತ ಒಂದು ಸುತ್ತು ಹಾಕಿದರು. ಪೆಡಲುಗಳನ್ನು ಬಗ್ಗಿ ನೋಡಿ ಮರಿಸೋಲಳಿಗೆ ಏನೋ ಹೇಳಿದರು. ಇದಕ್ಕೆ ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ಕೇಳಿದರೆಂದು ಅವಳು ಹೇಳಿದಳು. ಮುಟ್ಟಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತರು. ಮರಿಸೋಲ್ ತಿಂಡಿಯ ತಟ್ಟೆಗಳನ್ನು ಜೋಡಿಸುವ ನೆವದಲ್ಲಿ ಹಿಂದಕ್ಕೆ ಹೋದಳು.

ಆರಕ್ಕೆ ಹತ್ತು ನಿಮಿಷ ಇರುವಾಗ ಸನ್ಮಾನ. ಅಜ್ಜನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ದಂತವೈದ್ಯರಿಂದ ಶಾಲು ಹೊದಿಸಿದೆವು. ಹಾರ ಹಾಕಿದೆವು. ಮಡಿಲಿಗೆ ಹಣ್ಣಿನ ಬುಟ್ಟಿ. ಪೇಟವನ್ನು ನಾನೇ ಇಟ್ಟೆ. ಅಳತೆ ಸರಿಯಾಗಿ ಕೂತಿತು. ಇಷ್ಟು ವರ್ಷದಲ್ಲಿ ನಾನು ಇಟ್ಟ ಪೇಟಗಳಲ್ಲಿ ಅಷ್ಟು ಒಪ್ಪಿದ್ದು ಇನ್ನೊಂದಿಲ್ಲ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಅಜ್ಜ ಏನಾಗುತ್ತಿದೆ ಎಂದು ತಿಳಿಯದೆ ಬುಟ್ಟಿಯ ಸೇಬುಗಳನ್ನು ಹಿಡಿದುಕೊಂಡಿದ್ದರು. ಬೂ ಸಾಲೆಂ ಗುರುತು ಹಾಕಿ, ನನ್ನ ಕಡೆ ನೋಡಿ, ಮುಂದಿನ ಸಾಲಿಗೆ ಪೆನ್ನು ಇಟ್ಟರು.

ಮುಂದಿನದು ಸನ್ಮಾನಿತರ ಮಾತು. ಹತ್ತು ನಿಮಿಷ.

"ಈಗ ಸನ್ಮಾನಿತರು ತಮ್ಮ ಅನಿಸಿಕೆ ಹೇಳಬೇಕು" ಎಂದು ನಾನು ಇಂಗ್ಲಿಷಿನಲ್ಲಿ ಕರೆದೆ. ಪೆರುವಿನವರು ಅದನ್ನು ಅವರ ಭಾಷೆಯಲ್ಲಿ ಹೇಳಿದರು. ಮೈಕನ್ನು ಅಜ್ಜನ ಬಾಯಿಯ ಹತ್ತಿರ ತಂದಾಗ ಅವರು ಗಾಬರಿಯಾಗಿ ಹಿಂದೆ ಸರಿದರು. ಮಾತಾಡಿ ಅಭ್ಯಾಸವಿಲ್ಲದವರು. ಸಭೆ ಕಾಯುತ್ತಿತ್ತು. ಅವರು ನನ್ನನ್ನು ನೋಡಿದರು, ಮೈಕನ್ನು ನೋಡಿದರು, ಆಮೇಲೆ ಆ ಮೂಲೆಯ ಹಾರ್ಪನ್ನು ನೋಡಿದರು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಎದ್ದು ನಡೆದರು. ಶಾಲು, ಪೇಟ, ಹಾರ ಎಲ್ಲದರ ಸಹಿತ ಸ್ಟೂಲಿನ ಮೇಲೆ ಕೂತು ಹಾರ್ಪನ್ನು ಭುಜಕ್ಕೆ ಒರಗಿಸಿಕೊಂಡರು.

ನಾನು ಬೂ ಸಾಲೆಂ ಕಡೆ ತಿರುಗುವಷ್ಟರಲ್ಲಿ ಶುರುವಾಗಿಹೋಗಿತ್ತು. ನನಗೆ ಸಂಗೀತ ಅಷ್ಟಾಗಿ ತಿಳಿಯದು. ಕುದುರೆಗಳು ಓಡುವ ಹಾಗಿತ್ತು ಎಂದಷ್ಟೇ ಹೇಳಬಲ್ಲೆ. ಎರಡು ಕಡೆ ಬೆರಳು ಬೇರೆ ತಂತಿಗೆ ಬಿತ್ತು, ಅಜ್ಜ ಮುಖ ಕಿವುಚಿ ಮುಂದೆ ಹೋದರು. ಅದುವರೆಗೆ ನಿದ್ದೆ ತೂಗುತ್ತಿದ್ದ ಸಭೆ ಕಾಲಿನಿಂದ ನೆಲ ಕುಟ್ಟಲು ಶುರು ಮಾಡಿತು. ಯಾರೋ ಮಡಿಲಿನ ಗಿಟಾರು ಎತ್ತಿಕೊಂಡರು. ಮರಿಸೋಲ್ ಹಿಂದಿನ ಬಾಗಿಲಿನಿಂದ ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಓಡಿ ಬಂದಳು. ವೇದಿಕೆಯ ಮೆಟ್ಟಿಲು ಹತ್ತಿ ಹಾರ್ಪಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

ಹಾಡು ಮುಗಿದಾಗ ಗೋಡೆಯ ಗಡಿಯಾರ ನೋಡಿದೆ. ಆರು ದಾಟಿ ಹನ್ನೆರಡು ನಿಮಿಷ. ಕಾರ್ಯದರ್ಶಿಯ ಅಭ್ಯಾಸ ಬಿಡದೆ ಮೈಕಿನ ಹತ್ತಿರ ಹೋಗಿ, ಧನ್ಯವಾದ, ಈಗ ಮುಂದಿನ ಅಂಶ ಎನ್ನಲು ಬಾಯಿ ತೆರೆದೆ. ಬೂ ಸಾಲೆಂ ಕೂತಲ್ಲಿಂದಲೇ ಕೈ ಎತ್ತಿದರು.

"ಅಭೀ ಖಲಾಸ್ ನಹೀ" ಎಂದರು. "ಭಾಷಣ್ ಚಾಲೂ ಹೈ. ದಸ್ ಮಿನಿಟ್ ನಹೀ ಹುವಾ."

ಅವರ ಎದುರಿನ ಗೋಡೆಯಲ್ಲೇ ಗಡಿಯಾರ ಇತ್ತು. ಅದನ್ನು ನೋಡಿಯೇ ಹೇಳಿದರು. ನನ್ನ ಜನ್ಮದಲ್ಲಿ ಅಷ್ಟು ಗಂಭೀರವಾಗಿ ಸುಳ್ಳು ಹೇಳಿದ ಸರ್ಕಾರಿ ಅಧಿಕಾರಿಯನ್ನು ನಾನು ನೋಡಿಲ್ಲ. ಸರ್ಕಾರ ಕಲೆಗೆ ಕೊಡುವ ನೆರವು ಎಂದು ಯಾರಾದರೂ ಹೇಳಿದರೆ ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಆ ಎತ್ತಿದ ಕೈ.

ಅಜ್ಜ ಬಗ್ಗಿ ಮಗಳನ್ನು ಏನೋ ಕೇಳಿದರು. ಅವಳು ಒಂದು ಹಾಡಿನ ಹೆಸರು ಹೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಅಜ್ಜ ತಂತಿಗಳ ಮೇಲೆ ಅಂಗೈ ಇಟ್ಟರು. ಪೇಟ ತೆಗೆದು ಅವಳ ತಲೆಗೆ ಇಟ್ಟರು. ನಿಧಾನವಾಗಿ ನುಡಿಸಲು ತೊಡಗಿದರು.

ಈ ಸಲ ಯಾರೂ ಕಾಲು ಕುಟ್ಟಲಿಲ್ಲ. ಮರಿಸೋಲ್ ಕಣ್ಣು ಮುಚ್ಚಿ, ಹಾರ್ಪಿನ ಮರಕ್ಕೆ ಬೆನ್ನು ಒರಗಿಸಿಕೊಂಡು ಕೇಳುತ್ತಿದ್ದಳು. ನಡುವೆ ಒಂದು ಕಡೆ ಹಾಡು ಸ್ವಲ್ಪ ವೇಗವಾದ ಹಾಗೆನಿಸಿತು. ತಕ್ಷಣ ಅವಳು ಕಣ್ಣು ತೆರೆದು, ಮೇಲೆ ನೋಡಿ, ಗಟ್ಟಿಯಾಗಿ ಗದರಿದಳು. "ಡೆಸ್ಪಾಸಿಯೊ, ಪಪಾ!" ನಿಧಾನ, ಅಪ್ಪ ಎಂದು. ಇಡೀ ಸಭೆ ಹೋ ಎಂದು ನಕ್ಕಿತು. ಅಜ್ಜ ಒಮ್ಮೆ ಬೆಚ್ಚಿ ಮಗಳ ಮುಖವನ್ನೇ ನೋಡಿದರು. ಆಮೇಲೆ ನಕ್ಕು, ಹೇಳಿದ ಮಾತು ಕೇಳುವವರ ಹಾಗೆ ತಲೆಯಾಡಿಸಿ, ನಿಧಾನ ಮಾಡಿದರು. ಅವರು ನಕ್ಕದ್ದನ್ನು ಮೂರು ತಿಂಗಳಲ್ಲಿ ನಾನು ಕಂಡದ್ದು ಅದೇ ಮೊದಲು.

ಅಧ್ಯಕ್ಷರ ಮಾತನ್ನೂ ವಂದನಾರ್ಪಣೆಯನ್ನೂ ಬಿಟ್ಟು, ಉಳಿದ ಅರ್ಧ ಗಂಟೆಯಲ್ಲಿ ಒಂಬತ್ತು ತಂಡಗಳೂ ಒಟ್ಟಿಗೇ ವೇದಿಕೆಗೆ ನುಗ್ಗಿ ಕುಣಿದವು. ದೀಕ್ಷಾ ಕುಣಿದಳು, ದಂತವೈದ್ಯರು ಕುಣಿದರು. ವಾರಿಜ ನನ್ನನ್ನೂ ಎಳೆದಳು. ಏಳಕ್ಕೆ ಸರಿಯಾಗಿ ಬಾಗಿಲು ಹಾಕಿದರು.

ಹೊರಗೆ ಕಾರಿನ ಹಿಂಭಾಗಕ್ಕೆ ತಟ್ಟೆಗಳನ್ನು ತುಂಬುತ್ತಿರುವಾಗ ನಾನು ಮರಿಸೋಲಳನ್ನು ಕೇಳಿದೆ. "ಅಷ್ಟು ಚೆಂದ ನುಡಿಸುವಾಗ ನಡುವೆ ಯಾಕೆ ಗದರಿದ್ದು?"

ಅವಳು ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡಳು.

"ಆ ಜಾಗದಲ್ಲಿ ಅಪ್ಪ ಯಾವಾಗಲೂ ಓಡುತ್ತಾರೆ. ನಲವತ್ತು ವರ್ಷ ಅಮ್ಮ ಅಡುಗೆಮನೆಯಿಂದಲೇ ಹೀಗೆ ಕೂಗಿ ಬೈಯುತ್ತಿದ್ದಳು. ಇವತ್ತೂ ಅಲ್ಲಿಯೇ ಓಡಿದರು. ಯಾರಾದರೂ ಬೈಯಬೇಕಲ್ಲ, ನಾನು ಬೈದೆ."